ದೊಡ್ಡವ್ವ ಬಿಟ್ಟುಬಂದ ಪಾಳಿ

ಮೋರಟಗಿಯ ಚಾವಡಿಗೆ ರೇಡಿಯೋ ಬಂದ ಮೇಲೆ ಊರಿನ ಸಂಜೆಗೆ ಒಂದು ಶಿಸ್ತು ಬಂತು. ಆರಕ್ಕೆ ದನ ಕಟ್ಟಿ, ಕೈಕಾಲು ತೊಳೆದು, ಎಲ್ಲರೂ ಸ್ಪೀಕರ್ ಕಟ್ಟಿದ ಕಂಬದ ಕೆಳಗೆ ಕೂಡಬೇಕು. ಬೀಸುವಾಗ ತಾವು ಅನ್ನುವುದೂ ಹಾಡೇ ಎಂದು ನಮ್ಮ ಹೆಂಗಸರಿಗೆ ತಿಳಿದದ್ದು ಆಗಲೇ.

ದೊಡ್ಡಪ್ಪನ ಹೆಂಡತಿಯಾದ ನಮ್ಮ ದೊಡ್ಡವ್ವನನ್ನು ರೇಡಿಯೋದವರು ಹಾಡಲು ಧಾರವಾಡಕ್ಕೆ ಕರೆಸಿದರು. ಆಕೆ ಮತ್ತು ಅವ್ವ ಒಂದೇ ಬೀಸುಕಲ್ಲಿಗೆ ಎದುರುಬದುರು ಕೂಡುವವರು. ಆಕೆಯದೊಂದು ಸಾಲು, ಅವ್ವನದೊಂದು. ನನ್ನ ತಮ್ಮನಿಗೆ ಜ್ವರವಿದ್ದುದರಿಂದ ಅವ್ವ ಹೋಗಲಿಲ್ಲ.

"ಕಲ್ಲಿಲ್ಲ, ಹಿಟ್ಟಿಲ್ಲ. ಎದುರಿಗೆ ಒಂದು ಮೈಕ್ ಇಟ್ಟು ಹಾಡಂದ್ರವಾ," ಎಂದಳು ದೊಡ್ಡವ್ವ ಮರಳಿ ಬಂದು.

"ನನ್ನ ಪಾಳಿ ಯಾರು ಹಾಡಿದ್ರು ಯಕ್ಕಾ? ಮೈಕೇನು?" ಎಂದಳು ಅವ್ವ.

"ನಿನ್ನ ಪಾಳಿ ನಿನಗ ಬಿಟ್ಟು ಬಂದೇನಿ."

ಧಾರವಾಡದಲ್ಲೂ ರೂಢಿಯಂತೆ ಪ್ರತಿ ಸಾಲಿನ ನಂತರ ಆಕೆ ಒಂದು ಸಾಲಿನಷ್ಟು ಹೊತ್ತು ಸುಮ್ಮನಿದ್ದಳು. ರೇಡಿಯೋದವರು ಹಾಗೆಯೇ ಇಟ್ಟುಕೊಂಡರು.

ಹಾಡು ಬಿತ್ತರವಾಗುವ ಮೊದಲೇ ದೊಡ್ಡವ್ವ ಜ್ವರ ಬಂದು ತೀರಿಕೊಂಡಳು. ಹದಿನೈದನೆಯ ದಿನ ಸಂಜೆ ಕಂಬದ ಮೇಲಿಂದ ಅವಳ ದನಿ ಕೇಳಿತು. ಒಂದು ಸಾಲು. ಆಮೇಲೆ ಮೌನ. ಮತ್ತೊಂದು ಸಾಲು. ಮೌನ. ಆ ಮೌನದಲ್ಲಿ ಅವಳು ಉಸಿರೆಳೆದುಕೊಳ್ಳುವುದು ಕೇಳುತ್ತಿತ್ತು.

"ಕಾಯಾಕತ್ತಾಳ ನೋಡವಾ, ನಿನ್ನ ಸಾಲು ಅನ್ನು," ಎಂದಳು ಒಬ್ಬ ಮುದುಕಿ ಅವ್ವನಿಗೆ.

"ನೀ ಸುಮ್ಮನಿರಬೇ. ಆಕಿ ಸಣ್ಣ ಮಕ್ಕಳ ತಾಯಿ," ಎಂದಳು ಇನ್ನೊಬ್ಬಳು.

ಹಾಡನ್ನು ಅರ್ಧಕ್ಕೆ ಬಿಡಬಾರದು. ಸತ್ತವರು ಕರೆದರೆ ಓಗೊಡಲೂಬಾರದು. ಓಗೊಟ್ಟವರು ಬೆನ್ನಿಗೇ ಹೋಗುತ್ತಾರೆ. ನಮ್ಮಲ್ಲಿ ಎರಡೂ ಕಟ್ಟುನಿಟ್ಟು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೊನೆಯವರೆಗೆ ಕುಳಿತಳು. ಮರುವಾರವೇ ಹಿಟ್ಟಿನ ಗಿರಣಿಗೆ ಜೋಳ ಕಳಿಸಿದಳು. ಮತ್ತೆ ಎಂದೂ ಹಾಡಲಿಲ್ಲ.

ಹೋದ ತಿಂಗಳು ಯಾರೋ ಆ ಹಾಡನ್ನು ನನ್ನ ಮೊಬೈಲಿಗೆ ಕಳಿಸಿದರು. ಅವ್ವನಿಗೆ ತೊಂಬತ್ತು ದಾಟಿದೆ. ನಾನು ಮುಚ್ಚಿಡಲಿಲ್ಲ.

"ಹಚ್ಚು," ಎಂದಳು.

"ಬ್ಯಾಡ ಬಿಡವಾ."

"ಇನ್ನ ಯಾವ ಮಕ್ಕಳಿಗೆ ಅಂಜಲಿ? ನೀನೇ ಮುದಿ ಆಗೀದಿ. ಹಚ್ಚು."

ಮುಂಜಾನೆ ಹತ್ತು ಗಂಟೆ. ಕೋಣೆಯ ತುಂಬ ಬಿಸಿಲು. ದೊಡ್ಡವ್ವನ ಸಾಲು ಮುಗಿದೊಡನೆ ಅವ್ವ ತನ್ನ ಸಾಲು ಹಿಡಿದಳು. ಕೊನೆಯವರೆಗೆ ಒಂದೂ ತಪ್ಪಲಿಲ್ಲ. ಹಾಡು ಮುಗಿಯಿತು. ನಾನು ಮೊಬೈಲ್ ಆರಿಸಿ ಕಿಸೆಗೆ ಹಾಕಿಕೊಂಡೆ.

ಅವ್ವ ನಿಲ್ಲಿಸಲಿಲ್ಲ. ನಾನು ಎಂದೂ ಕೇಳಿರದ ಒಂದು ಸಾಲನ್ನು ತಾನೇ ಎತ್ತಿ, ಎದುರಿನ ಗೋಡೆಯತ್ತ ನೋಡುತ್ತ ಸುಮ್ಮನಾದಳು. ಸರಿಯಾಗಿ ಒಂದು ಸಾಲಿನಷ್ಟು ಹೊತ್ತು. ಆಮೇಲೆ ತಲೆಯಾಡಿಸಿ ಮುಂದಿನ ಸಾಲಿಗೆ ಹೋದಳು.