ಬಾಯಮ್ಮ ಹಾಡಿದ ತವರು

ಹಾಡಲು ಬಾಯಿ ತೆರೆದರೆ ಬಾಯಮ್ಮನ ಕುತ್ತಿಗೆಯ ಬಲಬದಿಯ ನರವೊಂದು ಹಗ್ಗದಂತೆ ಉಬ್ಬಿ ನಿಲ್ಲುತ್ತಿತ್ತು. ಆ ನರ ಎದ್ದಿತೆಂದರೆ ಸುತ್ತಲಿನ ಹೆಂಗಸರು ಮಾತು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂರುತ್ತಿದ್ದರು. ಸ್ವರ ಇಂಪಾಗಿತ್ತು ಎಂದರೆ ಸುಳ್ಳಾಗುತ್ತದೆ. ಒಡೆದ, ಗೊರಗೊರ ಸ್ವರ. ಆದರೆ ಅಂಗಳದ ಕೊನೆಯಲ್ಲಿ ಒಲೆಯ ಮುಂದೆ ನಿಂತವರಿಗೂ ಒಂದೊಂದು ಅಕ್ಷರ ಕೇಳುತ್ತಿತ್ತು.

ನಾನು ಮೂಡುಬಿದಿರೆಯಿಂದ ಮದುವೆಯಾಗಿ ಫರಂಗಿಪೇಟೆಗೆ ಬಂದಾಗ ಬೇಲಿಯಾಚೆಯ ಮನೆ ಅವರದು. ತುಳು ಮಾತಾಡುವ ನಾವು ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುತ್ತೇವೆ. ಊರಿನಲ್ಲಿ ಬಾಯಮ್ಮಂದಿರು ಹಲವರಿದ್ದರೂ ನನ್ನ ಪಾಲಿಗೆ ಬಾಯಮ್ಮ ಎಂದರೆ ಅವರೊಬ್ಬರೇ. ಬಂದ ಮರುದಿನ ಬಟ್ಟೆ ಒಣಗಿಸುತ್ತಿದ್ದ ನನ್ನನ್ನು ಬೇಲಿಯ ಮೇಲಿಂದ ನೋಡಿ, "ಎಲ್ಲಿಯವಳು ನೀನು?" ಎಂದು ಕೇಳಿದರು. ಊರು ಹೇಳಿದೆ. ಹೆಸರನ್ನೂ ಹೇಳಹೋದರೆ ಕೈಯಾಡಿಸಿ ತಡೆದರು.

"ಹೆಸರು ನನಗೆ ನೆನಪು ಉಳಿಯುವುದಿಲ್ಲ ಮಾರಾಯ್ತಿ. ಊರು ಹೇಳಿದಿ ಅಲ್ಲವಾ, ಸಾಕು."

ಅಂದಿನಿಂದ ನಾನು ಅವರಿಗೆ ಬೆದ್ರ. ತುಳುವಿನಲ್ಲಿ ಮೂಡುಬಿದಿರೆಯ ಹೆಸರು ಅದು. ಮೀನಿನವಳು ಉಳ್ಳಾಲ, ಪೋಸ್ಟಿನವನು ಕಕ್ಕಿಂಜೆ. ನನ್ನ ಗಂಡನನ್ನು ಸುಧಾಕರ, ಪ್ರಭಾಕರ, ದಿವಾಕರ ಎಂದು ಬಾಯಿಗೆ ಬಂದ ಹಾಗೆ ಕರೆದರು, ಒಮ್ಮೆಯೂ ಸರಿಯಾಗಿ ಕರೆಯಲಿಲ್ಲ. ಊರಿನ ಹೆಸರು ಮಾತ್ರ ಅವರ ಬಾಯಲ್ಲಿ ತಪ್ಪಿದ್ದನ್ನು ನಾನು ಕೇಳಿರಲಿಲ್ಲ. ಯಾರ ತವರು ಎಲ್ಲಿ, ಆ ಊರಿನ ಹೊಳೆ ಯಾವುದು, ದಾಟಲು ದೋಣಿಯೋ ಸೇತುವೆಯೋ, ಎಲ್ಲವೂ ಅವರಿಗೆ ಗೊತ್ತಿತ್ತು.

ಅವರ ಹಾಡಿಗೆ ಅದು ಬೇಕಾಗಿತ್ತು. ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ 'ರೋಸ್' ಎಂಬ ಶಾಸ್ತ್ರ ನಡೆಯುತ್ತದೆ. ಮದುಮಕ್ಕಳನ್ನು ಅವರವರ ಮನೆಯಲ್ಲಿ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ತೆಂಗಿನಕಾಯಿಯ ಹಾಲೆರೆದು ಮೀಯಿಸುತ್ತಾರೆ. ಆಗ ಹಾಡುವ ಹಾಡು ವೋವಿ. ಹಿರಿಯಳೊಬ್ಬಳು ಸಾಲು ಎತ್ತಿದರೆ ಕೂತವರೆಲ್ಲ ಅದನ್ನೇ ತಿರುಗಿ ಹಾಡಬೇಕು. ಹುಡುಗಿ ಯಾರ ಮಗಳು, ಯಾವ ಊರಿನವಳು ಎಂಬುದು ಆ ಹಾಡಿನಲ್ಲಿ ಬರಬೇಕು. ಈಗ ಹಾಲ್‌ಗಳಲ್ಲಿ ಡಿಜೆ ಹಾಕುತ್ತಾರೆ. ನಮ್ಮ ಸುತ್ತಿನಲ್ಲಿ ವೋವಿ ಬರುತ್ತಿದ್ದದ್ದು ಬಾಯಮ್ಮನೊಬ್ಬರಿಗೇ.

ಹತ್ತಿರದ ಗೇರುಬೀಜದ ಕಾರ್ಖಾನೆಗೆ ಜಾರ್ಖಂಡಿನಿಂದ ಹುಡುಗಿಯರು ಬಂದ ಕಾಲ ಅದು. ಊರಿನವರು ಅವರನ್ನೆಲ್ಲ ಒಟ್ಟಾಗಿ 'ಹಿಂದಿಯವರು' ಎಂದರು. ಅವರಲ್ಲಿ ಹಲವರು ಕ್ರೈಸ್ತರು. ಭಾನುವಾರ ಇಗರ್ಜಿಗೆ ಬಂದು ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ನಿಲ್ಲುತ್ತಿದ್ದರು. ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ, ಕೂತುಕೊಳ್ಳಿ ಎಂದೂ ಹೇಳಿರಲಿಲ್ಲ. ಪೂಜೆಯ ನಡುವೆ ಒಬ್ಬರಿಗೊಬ್ಬರು ಕೈಮುಗಿದು ಶಾಂತಿ ಕೋರುವ ಹೊತ್ತಿನಲ್ಲಿ ಆ ಕೈಮುಗಿತ ಕೊನೆಯ ಬೆಂಚಿಗೆ ಬಂದು ನಿಂತುಬಿಡುತ್ತಿತ್ತಂತೆ. ಒಂದು ಭಾನುವಾರ ಬಾಯಮ್ಮ ಮುಂದಿನ ಸಾಲಿನಿಂದ ಎದ್ದು, ನೇರ ಬಾಗಿಲಿಗೆ ನಡೆದು, ಆ ಹುಡುಗಿಯರಿಗೆ ಕೈಮುಗಿದು, ಅವರನ್ನು ಕರೆತಂದು ತನ್ನ ಬೆಂಚಿನಲ್ಲಿ ಒತ್ತೊತ್ತಾಗಿ ಕೂರಿಸಿದರು. ಮರಳಿ ಬಂದು ನನಗೆ ಹೇಳಿದ್ದು ಇಷ್ಟೇ: "ಕೂತದ್ದು ಸ್ವಲ್ಪ ಇಕ್ಕಟ್ಟಾಯ್ತು ಬೆದ್ರ. ಆದ್ರೆ ಪ್ರಾರ್ಥನೆ ಒಳ್ಳೆದಾಯ್ತು."

ಆ ಹುಡುಗಿಯರಲ್ಲೊಬ್ಬಳು ಸಿಲ್ವಂತಿ. ನಮ್ಮ ಓಣಿಯ ವೆಲ್ಡಿಂಗ್ ಕೆಲಸದ ವಿಲ್ಸನ್ ಅವಳನ್ನು ಮೆಚ್ಚಿದ. ಅವನ ತಾಯಿ ಊಟ ಬಿಟ್ಟರು, ಮಾತು ಬಿಟ್ಟರು. ಮಗ ಜಗ್ಗದಿದ್ದಾಗ ಮದುವೆಗೆ ಹೂಂ ಎಂದರು. ಎಂದವರು, ರೋಸಿಗೆ ಹಾಡಲು ಕರೆಯಬೇಕೆಂದು ಬಾಯಮ್ಮನ ಮನೆಗೆ ಬಂದರು. ಬಾಯಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ನಾನೂ ಅಲ್ಲೇ ಇದ್ದೆ.

"ಹಾಡ್ತೇನೆ. ಹುಡುಗಿಯ ರೋಸ್ ಎಲ್ಲಿ?" ಎಂದು ಬಾಯಮ್ಮ ಕೇಳಿದರು.

"ಅವಳಿಗೆ ರೋಸ್ ಎಂತಕ್ಕೆ? ಅಪ್ಪ ಹಾಸಿಗೆ ಹಿಡಿದಿದ್ದಾನಂತೆ, ಅಮ್ಮ ಬಿಟ್ಟು ಬರುವ ಹಾಗಿಲ್ಲವಂತೆ. ತಲೆಗೆ ಎಣ್ಣೆ ಹಾಕ್ಲಿಕ್ಕೆ ಯಾರುಂಟು ಅವಳಿಗೆ?"

"ನಾನಿದ್ದೇನೆ. ನನ್ನ ಅಂಗಳದಲ್ಲಿ ರೋಸ್. ಎರಡು ಕಡೆ ಹಾಡ್ಲಿಕ್ಕೆ ನನಗಿರುವುದು ಒಂದೇ ಗಂಟಲು. ನಿನ್ನ ಮಗನನ್ನು ಇಲ್ಲಿಗೇ ಕರ್ಕೊಂಡು ಬಾ, ಇಬ್ಬರಿಗೂ ಒಟ್ಟಿಗೆ ಮಾಡುವ."

"ಅವಳು ನಮ್ಮವಳಲ್ಲ ಮಾರಾಯ್ತಿ! ಬಣ್ಣ ನೋಡು, ಮೂಗು ನೋಡು. ಯಾವ ಜಾತಿಯೋ, ಯಾವ ಕಾಡೋ."

ಬಾಯಮ್ಮ ಬೀಡಿಯ ಮೊರವನ್ನು ಪಕ್ಕಕ್ಕಿಟ್ಟರು. "ಇಗರ್ಜಿಯಲ್ಲಿ ಒಂದೇ ಪಾತ್ರೆಯಿಂದ ಪ್ರಸಾದ ತಿಂತೇವೆ. ಹೊರಗೆ ಬಂದು ಅವಳು ನಮ್ಮವಳಲ್ಲ ಅಂತ ಹೇಳಿದ್ರೆ, ಒಳಗೆ ತಿಂದದ್ದು ಎಂತ? ಬಿಸ್ಕೂಟಾ?"

ವಿಲ್ಸನ್‌ನ ತಾಯಿ ದಡಬಡ ಎದ್ದು ಹೋದರು. ಆದರೆ ವೋವಿಯಿಲ್ಲದೆ ಮಗನ ರೋಸ್ ಮಾಡಿದರೆ ನೆಂಟರು ಆಡಿಕೊಳ್ಳುತ್ತಾರೆ. ವಾರ ಕಳೆಯುವುದರೊಳಗೆ, ನಿಮ್ಮ ಅಂಗಳದಲ್ಲೇ ಆಗಲಿ ಎಂಬ ಮಾತು ಮಗನ ಮೂಲಕ ಬಂತು. ತನ್ನ ಗಂಟಲನ್ನೇ ಒತ್ತೆಯಿಟ್ಟು ಗೆದ್ದ ಬಾಯಮ್ಮ ಅಂದು ನನಗೆ ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿ ಕೊಟ್ಟರು.

ಆಮೇಲೆ ಪ್ರತಿ ಸಂಜೆ ಕಾರ್ಖಾನೆ ಬಿಟ್ಟು ಸಿಲ್ವಂತಿ ಆ ಜಗಲಿಗೆ ಬರತೊಡಗಿದಳು. ಕೆಲಸದ ಜಾಗದಲ್ಲಿ ಕಲಿತ ಮುರುಕು ತುಳುವಿನಲ್ಲಿ ಅವಳು ಹೇಳಬೇಕು, ಬಾಯಮ್ಮ ಕೇಳಬೇಕು. ಅಪ್ಪನ ಹೆಸರೇನು, ಅಮ್ಮ ಯಾವ ಊರಿನವಳು, ಮನೆಯ ಮುಂದೆ ಯಾವ ಮರ, ಯಾವ ಹೊಳೆ. ಹೊಳೆಯ ಹೆಸರು ಕೋಯೆಲ್ ಎಂದು ಹೇಳುತ್ತ ಹುಡುಗಿ ಅತ್ತುಬಿಟ್ಟಳು. ಇಲ್ಲಿಗೆ ಬಂದು ಇಷ್ಟು ಕಾಲವಾದರೂ ಯಾರೂ ಅದನ್ನು ಕೇಳಿರಲಿಲ್ಲ ಎಂದಳು. ನನಗೂ ಕಣ್ಣು ತುಂಬಿತು. ಬಾಯಮ್ಮ ಮಾತ್ರ, "ಅಳುವುದು ಆಮೇಲೆ. ಹೊಳೆಯಲ್ಲಿ ಮೀನು ಉಂಟಾ, ಅದು ಹೇಳು" ಎಂದರು.

ರೋಸಿನ ಸಂಜೆ ಅಂಗಳ ತುಂಬಿತ್ತು. ತೆಂಗಿನಕಾಯಿ ನಮ್ಮ ಮನೆಯದು, ತುರಿದದ್ದು ನಾನು. ಒಂದು ಬದಿಯಲ್ಲಿ ವಿಲ್ಸನ್‌ನ ಅತ್ತೆಯಂದಿರು, ಚಿಕ್ಕಮ್ಮಂದಿರು, ಇನ್ನೊಂದು ಬದಿಯಲ್ಲಿ ಕಾರ್ಖಾನೆಯ ಹುಡುಗಿಯರು. ನಡುವೆ ನಡೆದಾಡುವಷ್ಟು ಜಾಗ ಖಾಲಿ. ಮದುಮಕ್ಕಳು ತಲೆತಗ್ಗಿಸಿ ಕೂತರು. ಬಾಯಮ್ಮನ ಕುತ್ತಿಗೆಯ ನರ ಎದ್ದಿತು. ಮೊದಲು ಹುಡುಗನ ಕಡೆಯದನ್ನು ಹಾಡಿದರು. ಎಲ್ಲರೂ ಗಟ್ಟಿಯಾಗಿ ಸ್ವರ ಸೇರಿಸಿದರು. ಆಮೇಲೆ ಹುಡುಗಿಯದು ಬಂತು. ಕೊಂಕಣಿಯಲ್ಲಿ ಹಾಡಿದ್ದರ ಅರ್ಥ ಹೀಗೆ: ಮಾರ್ಕುಸ್ ತಿರ್ಕಿಯ ಮಗಳು, ಬಿರ್ಸಮಣಿಯ ಕೂಸು, ಸಾಲಮರದ ನೆರಳಿನವಳು, ಇವಳ ನೆತ್ತಿಗೆ ಎಣ್ಣೆ ಹಾಕುವ.

ಅತ್ತೆ, ಚಿಕ್ಕಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ವೋವಿಗೆ ಸ್ವರ ಕೊಡದೆ ಕೂರುವುದು ಅಪಶಕುನ. ತಡವರಿಸುತ್ತ, 'ಮಾರ್ಕುಸ್ ತಿರ್ಕಿಯ ಮಗಳು' ಎಂದು ಅವರೂ ಹಾಡಿದರು. ಮೊನ್ನೆಯವರೆಗೆ 'ಹಿಂದಿ' ಎಂದ ಬಾಯಿಗಳೇ ಅವು. ವಿಲ್ಸನ್‌ನ ತಾಯಿ ಮಾತ್ರ ತುಟಿ ಬಿಗಿದು ಕೂತಿದ್ದರು.

ಆಗ ಬಾಯಮ್ಮ ಮುಂದಿನ ಸಾಲು ಎತ್ತಿದರು: ಕೊಯಿಲದ ನೀರು ಕುಡಿದವಳು, ನೇತ್ರಾವತಿಗೆ ಬಂದಳು.

ಕೊಯಿಲ ಎಂಬುದು ನಮ್ಮ ಬಂಟ್ವಾಳ ತಾಲೂಕಿನದೇ ಊರು. ವಿಲ್ಸನ್‌ನ ತಾಯಿಯ ತವರು ಅದೇ.

"ಏ, ಕೊಯಿಲದವಳು ನಾನು!" ಎಂದು ಅವರು ಕೂಗಿಯೇಬಿಟ್ಟರು. ತಲೆತಗ್ಗಿಸಿ ಕೂರಬೇಕಾದ ಮದುಮಗಳೂ ಅದೇ ಗಳಿಗೆಯಲ್ಲಿ ಮುಖವೆತ್ತಿ, "ಕೊಯಿಲ ಅಲ್ಲ ಬಾಯಮ್ಮ, ಕೋಯೆಲ್!" ಎಂದಳು. ಅಂಗಳಕ್ಕೆ ಅಂಗಳವೇ ನಕ್ಕಿತು.

"ಹೌದಾ? ಹಾಗಾದ್ರೆ ಅತ್ತೆ ಸೊಸೆ ಒಂದೇ ನೀರಿನವರು ಅಂತ ಆಯ್ತಲ್ಲ," ಎಂದು ಬಾಯಮ್ಮ ಅದೇ ಸಾಲನ್ನು ಮತ್ತೆ ಎತ್ತಿದರು. ಈ ಸಲ ಅದರಲ್ಲಿ ಎರಡು ಹೆಸರೂ ಇದ್ದವು. ನಗುವನ್ನು ನುಂಗಲು ಹೋಗಿ ಸೋತ ವಿಲ್ಸನ್‌ನ ತಾಯಿ ಸ್ವರ ಸೇರಿಸಿದರು. ಎಣ್ಣೆಯ ಬಟ್ಟಲು ಎತ್ತಿಕೊಂಡು ಸಿಲ್ವಂತಿಯ ನೆತ್ತಿಗೆ ಮೊದಲು ಬೆರಳಿಟ್ಟವರೂ ಅವರೇ.

ಊರು, ಹೊಳೆಗಳ ಹೆಸರಲ್ಲಿ ಎಂದೂ ತಪ್ಪದ ಬಾಯಮ್ಮ ಅಂದು ಹೇಗೆ ತಪ್ಪಿದರು? ಮರುದಿನ ಕೇಳಿದೆ. "ವಯಸ್ಸಾಯ್ತಲ್ಲ ಬೆದ್ರ, ನಾಲಗೆ ಜಾರ್ತದೆ" ಎಂದು ಬೀಡಿಯ ಎಲೆ ಕತ್ತರಿಸುತ್ತ ಕೂತರು. ಕಣ್ಣು ಮಾತ್ರ ನಗುತ್ತಿತ್ತು.

ಅಂದೇ ಎಲ್ಲವೂ ಸರಿಹೋಯಿತು ಎಂದು ಬರೆದರೆ ಬಾಯಮ್ಮನೇ ನನ್ನನ್ನು ಬೈದಾರು. ಕೋಪ ಬಂದಾಗ ಅತ್ತೆಯ ಬಾಯಲ್ಲಿ 'ಹಿಂದಿಯವಳು' ಮತ್ತೆ ಬರುತ್ತಿತ್ತು. ಆಗೆಲ್ಲ ಸಿಲ್ವಂತಿ ನೇರ ಈ ಜಗಲಿಗೆ ಬರುತ್ತಿದ್ದಳು, ಬಾಯಮ್ಮ ಗಂಜಿ ಬಡಿಸಿ ಸಂಜೆಗೆ ವಾಪಸು ಕಳಿಸುತ್ತಿದ್ದರು. ಕ್ರಿಸ್ಮಸಿಗೆ ಮಗಳ ಮನೆಗೆ ಕಳಿಸುವಂತೆ ತಿಂಡಿಯ ಡಬ್ಬಿ ಕಳಿಸುತ್ತಿದ್ದರು. ಬಾಣಂತನವೂ ಬಾಯಮ್ಮನ ಮನೆಯಲ್ಲೇ ಆಯಿತು. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಈಗ ನಮ್ಮ ತರಗತಿಗೂ ದೂರದ ಮಕ್ಕಳು ಬರುತ್ತಾರೆ. ಅವರನ್ನು ಹತ್ತಿರ ಕೂರಿಸಿ, ನಿಮ್ಮ ಊರಿನ ಹೊಳೆ ಯಾವುದು ಎಂದು ಕೇಳಲು ನನಗೆ ಕಲಿಸಿದ್ದು ಯಾವ ತರಬೇತಿಯೂ ಅಲ್ಲ. ಅಂಥವರ ಬೇಲಿಯ ಪಕ್ಕ ನಾನು ಬಾಳಿದೆ ಎಂಬ ಹೆಮ್ಮೆ ನನಗೆ ಇದೆ, ಮುಚ್ಚಿಡಲಾರೆ.

ಕಳೆದ ವರ್ಷ ಬಾಯಮ್ಮ ಮಧ್ಯಾಹ್ನದ ನಿದ್ದೆಯಲ್ಲಿಯೇ ಹೋದರು. ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಬೆಳ್ತಂಗಡಿ ಕಡೆಯಿಂದ ಅವರ ನೆಂಟರು ಬಂದಿದ್ದರು. ಪೆಟ್ಟಿಗೆಯ ತಲೆಯ ಬಳಿ, ಮಕ್ಕಳು ನಿಲ್ಲುವ ಜಾಗದಲ್ಲಿ ಸಿಲ್ವಂತಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ನೆಂಟರ ಪೈಕಿ ವಯಸ್ಸಾದ ಹೆಂಗಸೊಬ್ಬರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದಲ್ಲಿದ್ದ ವಿಲ್ಸನ್‌ನ ತಾಯಿಯನ್ನು ಕೇಳಿದರು.

"ಇವಳು ಯಾರು? ಹಿಂದಿಯವಳಾ? ಇವಳಿಗೆ ಇಲ್ಲಿ ಎಂತ?"

ವಿಲ್ಸನ್‌ನ ತಾಯಿ ಮೂಗು ಒರೆಸಿಕೊಂಡರು. ಆಮೇಲೆ ಇಡೀ ಪೆಂಡಾಲಿಗೆ ಕೇಳುವ ಹಾಗೆ ಹೇಳಿದರು.

"ನನ್ನ ಸೊಸೆ. ಅವಳ ತವರುಮನೆ ಇದು. ಸ್ವಲ್ಪ ಆಚೆ ನಿಲ್ಲಿ, ಅವಳಿಗೆ ಅಮ್ಮನ ಮುಖ ಕಾಣ್ಲಿ."