ಹೆಸರುಗಳ ಹಿಂದಿನ ‘ನಕಲು’

ವಾಟರ್‌ಮಾರ್ಕ್ ಅಂದರೆ ಇಂದಿಗೂ ನನ್ನ ತಲೆ ಬಿಸಿಯಾಗುತ್ತದೆ.

ಆಗ ಬೆಳಗಾವಿಯಲ್ಲಿ ನನ್ನದು ಕಂಪ್ಯೂಟರ್ ಟೈಪಿಂಗ್ ಅಂಗಡಿ. ಬೀಡಿ ಎಂಬ ಹಳ್ಳಿಯ ಗೌರವ್ವ ತಮ್ಮ ಮಹಿಳಾ ಹಾಲಿನ ಸಂಘದ ನೋಂದಣಿಗೆ ಸದಸ್ಯರ ಪಟ್ಟಿಯ ಪ್ರತಿಗಳನ್ನು ಮಾಡಿಸಿದ್ದರು. ಹಾಳೆ ಹಾಳೆಯ ಮೇಲೂ ‘ನಕಲು’ ಎಂದಿರಬೇಕು ಅನ್ನುವುದು ಖಾನಾಪುರದ ಕಚೇರಿಯ ನಿಯಮ. ಒಂದು ಹೆಸರೂ ಮುಚ್ಚಬಾರದೆಂದು ಅರ್ಧ ದಿನ ಒದ್ದಾಡಿ, ಅಕ್ಷರಗಳ ಹಿಂದೆ ನಸುಬೂದು ಬಣ್ಣದಲ್ಲಿ ‘ನಕಲು’ ಕೂರಿಸಿದ್ದೆ.

ಅರ್ಜಿ ಕೊಡುವ ಕಡೇ ದಿನ ಇಬ್ಬರೂ ಖಾನಾಪುರಕ್ಕೆ ಹೋದೆವು. ಗುಮಾಸ್ತ ಹಾಳೆಯನ್ನು ಬೆಳಕಿಗೆ ಹಿಡಿದ.

“ರದ್ದಿ ಕಾಗದದ ಮ್ಯಾಲೆ ಪ್ರಿಂಟ್ ಹೊಡದೀರೇನ್ರಿ? ಹಿಂದಿಂದು ಕಾಣಾಕತ್ತೈತಿ.”

“ಅದು ವಾಟರ್‌ಮಾರ್ಕ್ ರೀ. ನೀವು ಕೇಳಿದ ‘ನಕಲು’ ಅದೇ,” ಅಂದೆ.

“ನನಗ ಕಲಿಸಾಕ ಬರಬ್ಯಾಡ್ರಿ. ಸ್ವಚ್ಛ ಹಾಳಿ ತರ್ರಿ.”

“ಹೆಸರು ಸಾಫ್ ಕಾಣತಾವಲ್ರೀ! ಮತ್ತೇನ್ ಬೇಕ್ರಿ ನಿಮಗ?” ಗೌರವ್ವ ದನಿ ಏರಿಸಿದರು.

“ಐದಕ್ಕ ಆಫೀಸ್ ಬಂದ್ ಆಗತೈತಿ,” ಅಂದ ಅವನು.

ಕಿಸೆಯಲ್ಲಿದ್ದ ಫ್ಲಾಪಿ ಹಿಡಿದು ಬಸ್ ನಿಲ್ದಾಣದ ಬಳಿಯ ಕಂಪ್ಯೂಟರ್ ಅಂಗಡಿಗೆ ಓಡಿದೆ. ನಾನೇ ಕೂರಿಸಿದ್ದನ್ನು ನನ್ನ ಕೈಯಾರೆ ಅಳಿಸಿ, ಹೊಸ ಪ್ರಿಂಟ್ ತಂದುಕೊಟ್ಟೆ.

ಗುಮಾಸ್ತ ಡ್ರಾಯರಿನಿಂದ ಅಂಗೈಯಗಲದ ರಬ್ಬರ್ ಮುದ್ರೆ ತೆಗೆದ. ಮಸಿಗೆ ಒತ್ತಿ, ಹೆಂಗಸರ ಹೆಸರುಗಳ ಮೇಲೆಯೇ ಧಡ್ ಧಡ್ ಎಂದು ಹೊಡೆದ: ‘ನಕಲು’, ‘ನಕಲು’.

“ಹಿಂಗಿರಬೇಕ್ರಿ.”

ಆಮೇಲೆ ರಿಜಿಸ್ಟರ್ ತೆರೆದು, ಪೆನ್ನು ಹಿಡಿದು, ಹಾಳೆಯನ್ನು ಮೂಗಿನ ತನಕ ತಂದುಕೊಂಡು ನನ್ನನ್ನೇ ಗದರಿದ:

“ಎಂಥಾ ಟೈಪಿಂಗ್ ರೀ ಇದು? ಒಂದು ಹೆಸರೂ ಓದಾಕ ಬರವಲ್ದು!”