ಶಾಬಾದಿ ಫರಸಿಯ ಮೇಲೆ ಪಕ್ಕೆಲುಬು

ನಾನು ಸುಟ್ಟ ಕುರಿ ಪಕ್ಕೆಲುಬಿನ ವಾಸನೆಗೆ ವಾಡಿ ಜಂಕ್ಷನ್ನಿನಲ್ಲಿ ರೈಲೇ ನಿಂತಿತ್ತು. ಸುಳ್ಳು ಬಿಡ್ರಿ, ಅಲ್ಲಿ ಎಲ್ಲಾ ರೈಲೂ ನಿಲ್ತಾವ.

ಇದು ಮಾತ್ರ ಖರೆ. ಮಗಳ ಸಂಬಂಧ ಮಾತಾಡಲು ಚಿತ್ತಾಪುರದ ಬೀಗರು ಬಂದಿದ್ದರು. ಹಲ್ಲಿಲ್ಲದವರೂ ತಿನ್ನುವಂಥ ಮಾಂಸ ಮಾಡ್ತೀನಿ ಅಂತ ಜಂಬ ಕೊಚ್ಚಿದ್ದೆ. ಹಸಿ ಪಪ್ಪಾಯಿ, ಮಸಾಲೆ ಹಚ್ಚಿ ಮುಂಜಾನೆಯಿಂದ ನೆನೆಸಿದ ಪಕ್ಕೆಲುಬನ್ನು, ನೆಲಕ್ಕೆ ಹಾಸುವ ಶಾಬಾದಿ ಫರಸಿ ಕಲ್ಲನ್ನೇ ತೊಳೆದು ಕೆಂಡದ ಮೇಲಿಟ್ಟು, ಅದರ ಮೇಲೆ ಬೇಯಿಸಿದೆ. ಇನ್ನೇನು ಇಳಿಸಬೇಕು, ಒಳಗೆ ನೀರು ಹಿಡಿದಿದ್ದ ಫರಸಿ ಢಂ ಅಂತ ಸಿಡೀತು.

“ಏನ್ರಿ ಬೀಗರ, ಮದುವಿ ಪಟಾಕಿ ಈಗೇ ಹಾರಸಾಕತ್ತೀರೇನು?” ಅಂದರು ಚಿತ್ತಾಪುರದವರು.

ಚೂರುಗಳ ನಡುವಿನಿಂದ ತುಂಡು ಆರಿಸಿ ಬಡಿಸಿದೆ. ಬೀಗರು ಭಾಳೊತ್ತು ಅಗಿದರು.

“ಮಾಂಸ ಬೆಣ್ಣಿ ಆಗ್ಯಾದ್ರಿ. ಎಲುಬಷ್ಟೇ ಭಾಳ ಗಟ್ಟಿ. ಸಂಬಂಧ ಪಕ್ಕಾ.”

ಅವರು ಅಗಿದದ್ದು ಎಲುಬಲ್ಲ, ಫರಸಿ ಚೂರು ಅಂತ ಇವತ್ತಿಗೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ. ಹಾಂ, ಇಷ್ಟು ಕಥಿ ಹೇಳಿದ್ದಕ್ಕ ನಾ ಕುಡಿದ ಈ ಚಾದ ರೊಕ್ಕ ನೀವೇ ಕೊಟ್ಟುಬಿಡ್ರಿ.